ಶನಿವಾರದ ಲೆಕ್ಕ

ಕರೆಂಟು ಬಿಲ್ಲಿನ ಬೆನ್ನಿಗೆ ಬರೆದಿಟ್ಟುಕೊಂಡೆ:
ಸ್ಕೀ, ಕೋಲು, ಎರಡು ಜೊತೆ ಕಾಲುಚೀಲ,
ಬೂಟು ಅಣ್ಣನದು, ಒಂದು ಅಳತೆ ದೊಡ್ಡದು;
ನಗದು, ಯಾಕೆಂದರೆ ರೋಸೇರ್ ಥಿಬಡೋ ಕಾರ್ಡು ಮುಟ್ಟುವುದಿಲ್ಲ;
ಮತ್ತು ಒಂದು ಸೌದೆ ತುಂಡು.

ಸೌದೆ ತಂದವರಿಗೆ ಟಿಕೆಟಿನಲ್ಲಿ ಎರಡು ಡಾಲರ್ ಕಡಿತ.
ಅಲ್ಲಿನ ಒಲೆ ಹೊಟ್ಟೆಬಾಕ.
ಹೋದ ವರ್ಷ ಯಾರೋ ಮುರಿದ ಕುರ್ಚಿಯ ಕಾಲು ತಂದಿದ್ದರಂತೆ,
ರೋಸೇರ್ ಕೈಯಲ್ಲಿ ತೂಗಿ ನೋಡಿ ಒಂದೇ ಡಾಲರ್ ಬಿಟ್ಟನಂತೆ.

ದಕ್ಷಿಣಕ್ಕೆ ಮೂರು ಗಂಟೆ ಹೋದರೆ ದೊಡ್ಡ ಬೆಟ್ಟಗಳಿವೆ,
ಕಂಪನಿಯವು. ಅಲ್ಲಿ ಹಿಮವನ್ನೂ ಯಂತ್ರವೇ ಉಗುಳುತ್ತದೆ,
ಬರೀ ಕಾರು ನಿಲ್ಲಿಸಲು ಕೇಳುವ ದುಡ್ಡಿಗೆ
ನಮ್ಮ ಮನೆಯ ವಾರದ ದಿನಸಿ ಬರುತ್ತದೆ.
ದೂರದ ಬೆಟ್ಟ ನುಣ್ಣಗೆ. ಇರಲಿ.
ಇದು ಹತ್ತಿರದ್ದು, ಇದರ ತರಚು, ತೇಪೆ ಎಲ್ಲ ಬಾಯಿಪಾಠ:
ಒಂದೇ ಲಿಫ್ಟು, ಅದರ ಎಂಜಿನ್ನು ಆಲೂಗಡ್ಡೆ ಲಾರಿಯದು,
ನಲವತ್ತೊಂದು ಕುರ್ಚಿ, ಹದಿನೇಳನೆಯದರಲ್ಲಿ ಯಾರೂ ಕೂರುವುದಿಲ್ಲ,
ಅಪಶಕುನವೇನಲ್ಲ, ಹಲಗೆಯಿಲ್ಲ.

ಹನ್ನೊಂದು ಚಳಿಗಾಲ ಆ ಗುಡ್ಡದ ದಾರಿಯ ಹಿಮ ತೆಗೆದಿದ್ದೇನೆ,
ಊರಿನ ಕಿತ್ತಳೆ ಲಾರಿಯ ಮೂತಿಗೆ ಅಲಗು ಕಟ್ಟಿಕೊಂಡು.
ಗೇಟಿನ ತನಕ ಹೋಗಿ ತಿರುಗಿಸಿಕೊಂಡು ಬಂದವಳು,
ಮೇಲಿನಿಂದ ಒಮ್ಮೆಯೂ ಇಳಿದಿಲ್ಲ.
ಲೆಕ್ಕ ಸರಳ: ಹಿಮ ಬಿದ್ದರೆ ನನಗೆ ಕೆಲಸ,
ಬೀಳದಿದ್ದರೆ ರೋಸೇರನಿಗೆ ಕೆಲಸವಿಲ್ಲ.
ಆದ್ದರಿಂದ ಬೀಳಬೇಕು, ಬುಧವಾರ,
ಧಾರಾಳವಾಗಿ, ಒಂದು ಮೊಳದಷ್ಟು;
ಗುರುವಾರ ಮಧ್ಯಾಹ್ನ ನಿಲ್ಲಬೇಕು;
ಶುಕ್ರವಾರ ಬಿಸಿಲು ಬೇಡ, ಮಳೆಯಂತೂ ಬೇಡವೇ ಬೇಡ.
ಇಷ್ಟು ಬಿಡಿಸಿ ನಾನು ಯಾರನ್ನೂ
ಏನನ್ನೂ ಕೇಳಿದವಳಲ್ಲ,
ಗಂಡನನ್ನು ಕೂಡ.

ಮಂಗಳವಾರ ರಾತ್ರಿ ಗುಡ್ಡದ ನಂಬರಿಗೆ ಫೋನ್ ಮಾಡಿದೆ.
ರೋಸೇರನ ಮಗಳು ಒಡೆಟ್ ಹೇಳಿಟ್ಟ ಮಾತು:
“ಬುಡದಲ್ಲಿ ಒಂಬತ್ತು ಇಂಚು. ತುದಿಯಲ್ಲಿ ಗೊತ್ತಿಲ್ಲ,
ಅಪ್ಪ ಇನ್ನೂ ಇಳಿದು ಬಂದಿಲ್ಲ. ಬಟಾಣಿ ಸೂಪು ಇದೆ.
ಎಡಗಡೆಯ ಜಾಡಿನಲ್ಲಿ ಒಂದು ಬಂಡೆ ಎದ್ದಿದೆ,
ಅದರ ಮೇಲೆ ಕೆಂಪು ಬಕೆಟ್ಟು ಬೋರಲು ಹಾಕಿದ್ದೇವೆ,
ದಯವಿಟ್ಟು ಬಕೆಟ್ಟು ಒಯ್ಯಬೇಡಿ.”
ಎರಡು ಸಲ ಕೇಳಿದೆ. ಮೂರನೆಯ ಸಲಕ್ಕೆ ಲಿಯೊನೆಲ್
ಟೀವಿಯ ದನಿ ಇಳಿಸಿ ಅಂದ:
“ನೀನು ಬಿದ್ದು ಕಾಲು ಮುರಕೊಂಡರೆ ಊರ ರಸ್ತೆ ಯಾರು ತೆಗೀತಾರೆ?”
ಐವತ್ತಮೂರರ ನನ್ನ ಮೊಣಕಾಲು
ಅವನ ಪರವಾಗಿ ಕಟಕ್ಕೆಂದಿತು.

ಬುಧವಾರ ಬಿತ್ತು. ಗುರುವಾರ ನಿಂತಿತು.
ಶುಕ್ರವಾರ ಸಂಜೆ ಗ್ಯಾರೇಜಿನ ಹಿಂದೆ ಸೌದೆ ಆರಿಸಿದೆ:
ಬರ್ಚ್ ಬೇಡ, ಅವಸರದ ಮರ;
ಮೇಪಲ್ ಇರಲಿ, ಗಂಟಿರುವುದು,
ಸೂಪು ಕುಡಿದು ಮುಗಿಸುವ ತನಕವಾದರೂ ಉರಿಯಲಿ.
ಬಾಗಿಲ ಬಳಿ ಎಲ್ಲ ಜೋಡಿಸಿಟ್ಟು ಮಲಗಿದೆ,
ನಾಳೆ ಶಾಲೆಯ ಪ್ರವಾಸವಿರುವ ಹುಡುಗಿಯ ಹಾಗೆ.

ಮೂರೂಕಾಲಿಗೆ ಫೋನು. ಮೇಲ್ವಿಚಾರಕ ಗಾರ್ತ್:
“ಎದ್ದಿದ್ದೀಯಾ? ಕಿಟಕಿ ನೋಡು.”
ನೋಡಿದೆ. ಬೀದಿದೀಪದ ಕೆಳಗೆ
ಹಿಟ್ಟಿನ ಗಿರಣಿ ಓಡುತ್ತಿತ್ತು.

ಲಾರಿಯ ಪಕ್ಕದ ಸೀಟಿಗೆ ಸ್ಕೀಗಳನ್ನು ಓರೆಯಾಗಿ ಒರಗಿಸಿ
ಬೆಲ್ಟು ಹಾಕಿದೆ. ಬೂಟಿಗೆ ಹೀಟರಿನ ಮುಂದೆ ಜಾಗ.
ಸೌದೆ ಬೇರೆಲ್ಲೂ ಹಿಡಿಸಲಿಲ್ಲ, ಮಡಿಲಲ್ಲಿ ಇಟ್ಟುಕೊಂಡೆ.
ಕನ್ನಡಿಗೆ ಸಿಕ್ಕಿಸಿದ ಪಟ್ಟಿಯಲ್ಲಿ
ಮೊದಲು ಆಸ್ಪತ್ರೆ, ಆಮೇಲೆ ಬೆಂಕಿ ಠಾಣೆ, ಶಾಲೆ,
ಇಗರ್ಜಿ, ಗಾರ್ತನ ಅತ್ತೆಯ ಮನೆ...
ಗುಡ್ಡದ ದಾರಿ ಒಂಬತ್ತನೆಯದು.

ಆಸ್ಪತ್ರೆ ಮುಗಿಸಿದೆ. ಠಾಣೆ ಮುಗಿಸಿದೆ.
ಶನಿವಾರ ಶಾಲೆಗೆ ಯಾರು ಹೋಗುತ್ತಾರೆ?
ನಾಲ್ಕು ದಾರಿ ಕೂಡುವಲ್ಲಿ ಒಂದು ಗಳಿಗೆ ನಿಂತು
ಎಡಕ್ಕೆ ದೀಪ ಹಾಕಿದೆ,
ನೋಡುವವರು ಯಾರೂ ಇರಲಿಲ್ಲ,
ಅಲಗು ಇಳಿಸಿದೆ.